ಮಾಣಿಕ್ಯ ಕೊಳ್ಳುವುದು ಹೇಗೆ? ಬಣ್ಣಕ್ಕಿಂತ ಮೊದಲು ಬಿರುಕು ನೋಡಿ

ಜ್ಯೋತಿಷಿ ಬರೆದುಕೊಟ್ಟ ಚೀಟಿ ಹಿಡಿದು ಹೋಗಿ ‘ಐದು ರತ್ತಿ ಮಾಣಿಕ್ಯ ಕೊಡಿ’ ಎನ್ನುವವರೇ ಹೆಚ್ಚು ಮೋಸ ಹೋಗುವುದು. ಕಡುಗೆಂಪಿನ ದೊಡ್ಡ ಹರಳೊಂದು ಮುಂದೆ ಬರುತ್ತದೆ, ಜೊತೆಗೆ ‘ನ್ಯಾಚುರಲ್’ ಎಂದು ಅಚ್ಚಾದ ಕಾರ್ಡು. ಉಂಗುರ ಮಾಡುವಾಗ ಬೆಸುಗೆಯ ಬಿಸಿ ತಾಗಿ ಹರಳು ಒಳಗೊಳಗೇ ಕೆಡುತ್ತದೆ, ಬೈಗುಳ ಅಕ್ಕಸಾಲಿಯ ಪಾಲಿಗೆ. ಅವನ ತಪ್ಪೇನೂ ಇಲ್ಲ. ಬಿರುಕು ಕಾಣದಿರಲೆಂದು ಹರಳಿನೊಳಗೆ ಮೊದಲೇ ಸೀಸದ ಗಾಜು ತುಂಬಿದ್ದರು.

ಮೊದಲು ತೂಕದ ಮಾತು ಮುಗಿಸಿ. ರತ್ತಿಯ ಲೆಕ್ಕ ಊರಿಗೊಂದು, ಅಂಗಡಿಗೊಂದು. ಕ್ಯಾರೆಟ್ ಮಾತ್ರ ಎಲ್ಲೆಡೆಯೂ 200 ಮಿಲಿಗ್ರಾಂ. ದರವನ್ನು ಕ್ಯಾರೆಟ್‌ನಲ್ಲೇ ಕೇಳಿ, ಬಿಲ್ಲನ್ನೂ ಅದರಲ್ಲೇ ಬರೆಸಿ.

ಆಮೇಲೆ ಬೆಳಕು. ಅಂಗಡಿಯ ದೀಪಗಳಡಿ ಕೆಂಪು ಹರಳೆಲ್ಲ ಉರಿಯುವಂತೆ ಕಾಣುತ್ತದೆ. ಹಗಲು ಹೊತ್ತಿನಲ್ಲಿ ಹೋಗಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಬಿಳಿ ಕಾಗದದ ಮೇಲಿಟ್ಟು ನೋಡಿ. ಹೊರಗೆ ತರಲು ಬಿಡದ ಅಂಗಡಿಯಲ್ಲಿ ಕೊಳ್ಳಲೇಬೇಡಿ.

ಈಗ ಮುಖ್ಯ ಕೆಲಸ: ಲೂಪ್, ಅಂದರೆ ಕಣ್ಣಿಗೆ ಹಿಡಿದು ನೋಡುವ ಪುಟ್ಟ ಭೂತಗನ್ನಡಿ. ಹತ್ತು ಪಟ್ಟು ಹಿಗ್ಗಿಸುವ, ಮೂರು ಮಸೂರ ಸೇರಿಸಿ ಮಾಡಿದ ‘ಟ್ರಿಪ್ಲೆಟ್’ ಲೂಪನ್ನೇ ತೆಗೆದುಕೊಳ್ಳಿ. ‘ಮೂವತ್ತು ಪಟ್ಟು’, ‘ಅರವತ್ತು ಪಟ್ಟು’ ಎಂದು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ದೀಪದ ಲೂಪ್‌ಗಳು ದುಡ್ಡಿಗೆ ದಂಡ. ಅಂಚಿನಲ್ಲೆಲ್ಲ ಬಣ್ಣ ಒಡೆದು ಕಾಣುತ್ತದೆ, ಆ ಬಣ್ಣವೇ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಹರಳನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಇಕ್ಕಳದಲ್ಲಿ ಹಿಡಿಯಿರಿ. ಲೂಪ್ ಕಣ್ಣಿಗೆ ಅಂಟಿದಂತಿರಲಿ, ಹರಳು ಲೂಪಿನಿಂದ ಎರಡೂವರೆ ಸೆಂಟಿಮೀಟರ್ ದೂರದಲ್ಲಿರಲಿ. ಎರಡೂ ಕಣ್ಣು ತೆರೆದೇ ಇರಲಿ, ಒಂದನ್ನು ಮುಚ್ಚಿದರೆ ಬೇಗ ದಣಿವಾಗುತ್ತದೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಾಯಿಸಿ, ಹರಳನ್ನು ನಿಧಾನವಾಗಿ ಅತ್ತಿತ್ತ ವಾಲಿಸಿ.

ಹಾಗೆ ವಾಲಿಸುವಾಗ ಬಿರುಕಿನಲ್ಲಿ ನೀಲಿಯೋ ನೇರಳೆಯೋ ಮಿಂಚೊಂದು ಹಾದುಹೋದರೆ ಅಲ್ಲಿ ಗಾಜಿದೆ. ಕೆಲವೊಮ್ಮೆ ಆ ಮಿಂಚು ಕಿತ್ತಳೆ ಬಣ್ಣಕ್ಕೂ ತಿರುಗುತ್ತದೆ. ಬಿರುಕಿನೊಳಗೆ ಚಪ್ಪಟೆಯಾದ ಅಥವಾ ದುಂಡನೆಯ ಗಾಳಿಗುಳ್ಳೆಗಳಿದ್ದರೆ ಇನ್ನು ಅನುಮಾನ ಬೇಡ. ಮೂರನೆಯ ಗುರುತು ಮೇಲ್ಮೈಯಲ್ಲಿದೆ. ಟಾರ್ಚಿನ ಬೆಳಕು ಮುಖಗಳ ಮೇಲೆ ಪ್ರತಿಫಲಿಸುವಂತೆ ತಿರುಗಿಸಿ. ಗಾಜು ತುಂಬಿದ ಗೆರೆಗಳು ಸುತ್ತಲಿನ ಕಲ್ಲಿಗಿಂತ ಮಂಕಾಗಿ, ಒಣಗಿದ ಕೆರೆಯ ಬಿರುಕಿನ ಬಲೆಯಂತೆ ಕಾಣುತ್ತವೆ. ಈ ಬಗೆಯ ಹರಳುಗಳು ಮಾರುಕಟ್ಟೆಗೆ ನುಗ್ಗಿದ್ದು 2004ರ ಆಸುಪಾಸಿನಲ್ಲಿ. ಮೂಲ ಕಲ್ಲು ಕುರುಂದವೇ (ಮಾಣಿಕ್ಯ ಯಾವ ಖನಿಜವೋ ಅದೇ) ಆದ್ದರಿಂದ ‘ಭೂಮಿಯಿಂದ ಬಂದದ್ದು’ ಎನ್ನುವ ಮಾತು ಪೂರ್ತಿ ಸುಳ್ಳಲ್ಲ, ಆದರೆ ಕಲ್ಲು ಹಿಡಿದು ನಿಂತಿರುವುದೇ ಗಾಜಿನ ಬಲದಿಂದ. ನಿಂಬೆರಸ ತಾಗಿದರೂ ಆ ಗಾಜು ಸವೆಯುತ್ತದೆ. ಒಡವೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕುವ ಮನೆಗಳಲ್ಲಿ ಇದು ಎಷ್ಟು ದಿನ ಬಾಳೀತು?

ಗಾಜು ಕಾಣಲಿಲ್ಲ ಎಂದರೆ ಗೆರೆಗಳನ್ನು ಹುಡುಕಿ. ಬಾಗಿದ ಗೆರೆಗಳಿದ್ದರೆ ಅದು ಕುಲುಮೆಯಲ್ಲಿ ಬೆಳೆಸಿದ ಸಿಂಥೆಟಿಕ್. ನೈಸರ್ಗಿಕ ಮಾಣಿಕ್ಯದಲ್ಲಿ ಬಣ್ಣದ ಪಟ್ಟೆ ನೇರವಾಗಿರುತ್ತದೆ ಅಥವಾ ಕೋನವಾಗಿ ಮುರಿದಿರುತ್ತದೆ. 60 ಡಿಗ್ರಿಯಲ್ಲಿ ಒಂದನ್ನೊಂದು ದಾಟುವ ನವುರು ಸೂಜಿಗಳು, ವ್ಯಾಪಾರಿಗಳ ಮಾತಿನಲ್ಲಿ ‘ಸಿಲ್ಕ್’, ಕಂಡರೆ ಒಳ್ಳೆಯ ಲಕ್ಷಣ. ಎಲ್ಲೂ ಏನೂ ಕಾಣದಷ್ಟು ಶುಭ್ರವಾದ ದೊಡ್ಡ ಹರಳನ್ನು ಅಗ್ಗಕ್ಕೆ ಕೊಡುತ್ತಿದ್ದರೆ ಕೆಳಗಿಟ್ಟು ಎದ್ದು ಬನ್ನಿ.

‘ಅಜ್ಜಿ ಕಾಲದ ಕೆಂಪಿನ ಓಲೆ, ಅದರಲ್ಲಿ ಖೋಟಾ ಎಲ್ಲಿಂದ ಬರಬೇಕು’ ಎನ್ನುವವರಿಗೆ ಒಂದು ಮಾತು. ಫ್ರಾನ್ಸಿನ ವೆರ್ನುಯಿ ಕೃತಕ ಮಾಣಿಕ್ಯ ತಯಾರಿಸುವ ವಿಧಾನವನ್ನು ಪ್ರಕಟಿಸಿದ್ದು 1902ರಲ್ಲಿ. ಒಡವೆ ಹಳೆಯದು ಎಂಬುದು ಕಲ್ಲಿಗೆ ಸಾಕ್ಷಿಯಲ್ಲ. ಬ್ರಿಟನ್ನಿನ ರಾಜಕಿರೀಟದ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಕೂಡ ಮಾಣಿಕ್ಯವಲ್ಲ, ಅದನ್ನು ಹೋಲುವ ಸ್ಪಿನೆಲ್ ಎಂಬ ಬೇರೆ ಕಲ್ಲು.

ಮನೆಮದ್ದಿನ ಪರೀಕ್ಷೆಗಳನ್ನು ಬಿಡಿ. ಹಾಲಿಗೆ ಹಾಕಿ ಗುಲಾಬಿ ಬಣ್ಣ ನೋಡುವುದು ಏನನ್ನೂ ತಿಳಿಸುವುದಿಲ್ಲ. ಗೀರುವುದೂ ದಂಡವೇ: ಮಾಣಿಕ್ಯದ ಗಡಸುತನ ಮೋಸ್ ಮಾಪಕದಲ್ಲಿ 9, ಸಿಂಥೆಟಿಕ್‌ನದೂ 9. ಯುವಿ ಟಾರ್ಚಿನಡಿ ಬರ್ಮಾದ ಹರಳು ಕೆಂಪಗೆ ಬೆಳಗುತ್ತದೆ, ನಿಜ. ಸಿಂಥೆಟಿಕ್ ಕೂಡ ಹಾಗೇ ಬೆಳಗುತ್ತದೆ.

ಲೂಪಿನಲ್ಲಿ ಪಾಸಾದ ಹರಳಿಗಷ್ಟೇ ರತ್ನ ಪರೀಕ್ಷಿಸುವ ಲ್ಯಾಬಿನ ಖರ್ಚು ಮಾಡಿ. ವರದಿಯಲ್ಲಿ ದಪ್ಪಕ್ಷರ ಬಿಟ್ಟು ‘ಕಾಮೆಂಟ್ಸ್’ ಸಾಲು ಓದಿ, ವ್ಯಾಪಾರವೆಲ್ಲ ಅಲ್ಲಿದೆ. ಬಣ್ಣ ಸುಧಾರಿಸಲು ಬಿಸಿ ಮಾಡಿದ ಕುರುಹಿದೆ ಎಂದಿದ್ದರೆ ಗಾಬರಿ ಬೇಡ, ಮಾರುಕಟ್ಟೆಯ ಬಹುಪಾಲು ಮಾಣಿಕ್ಯ ಬಿಸಿ ಕಂಡದ್ದೇ. ಬೆಲೆ ಅದಕ್ಕೆ ತಕ್ಕಂತಿರಬೇಕು, ಅಷ್ಟೆ. ಗಾಜು ತುಂಬಿದೆ ಎಂದಿದ್ದರೆ ಕ್ಯಾರೆಟ್‌ಗೆ ಕೆಲವು ನೂರು ರೂಪಾಯಿಯ ಮಾಲು, ಸಾವಿರಗಳ ಮಾತೇ ಇಲ್ಲ. ವರದಿ ಸಂಖ್ಯೆಯನ್ನು ಲ್ಯಾಬಿನ ಜಾಲತಾಣದಲ್ಲಿ ನೀವೇ ಟೈಪ್ ಮಾಡಿ ನೋಡಿ, ಕಾರ್ಡಿನ ಕ್ಯೂಆರ್ ಕೋಡ್ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಮುಂಬೈನಲ್ಲಿ ಜಿಐಎ ಎಂಬ ಅಂತರರಾಷ್ಟ್ರೀಯ ರತ್ನ ಪರೀಕ್ಷಾ ಸಂಸ್ಥೆಯ ಲ್ಯಾಬ್ ಇದೆ, ಬಣ್ಣದ ಕಲ್ಲುಗಳ ಪೇಟೆಯಾದ ಜೈಪುರದಲ್ಲೂ ನಂಬಬಹುದಾದ ಲ್ಯಾಬ್ ಇದೆ. ಇನ್ನು ಉಂಗುರದ ಮೇಲಿನ ಬಿಐಎಸ್ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗೆ ಮಾತ್ರ. ಅದನ್ನು ತೋರಿಸಿ ಕಲ್ಲನ್ನೂ ಸಾಚಾ ಎನ್ನುವವರಿಗೆ ಕಿವಿಗೊಡಬೇಡಿ.

‘ಬರ್ಮಾ’ ಎಂಬ ಹೆಸರಿಗೇ ಹೆಚ್ಚು ದುಡ್ಡು ಸುರಿಯಬೇಡಿ. 2023ರಲ್ಲಿ 3.48 ಕೋಟಿ ಡಾಲರಿಗೆ ಹರಾಜಾಗಿ ದಾಖಲೆ ಬರೆದ 55.22 ಕ್ಯಾರೆಟ್ಟಿನ ‘ಎಸ್ಟ್ರೆಲಾ ದೆ ಫುರಾ’ ಮೊಜಾಂಬಿಕ್‌ನದು. ಕೈಯಲ್ಲಿ ಹಣ ಕಡಿಮೆ ಇದ್ದರೆ ನನ್ನ ಆಯ್ಕೆ ನಮ್ಮ ಮೈಸೂರು ಸೀಮೆಯ ನಕ್ಷತ್ರ ಮಾಣಿಕ್ಯ. ಪಾರದರ್ಶಕವಲ್ಲ, ನೇರಳೆ ಮಿಶ್ರಿತ ಕೆಂಪು, ಆದರೆ ಒಂಟಿ ದೀಪದಡಿ ಆರು ಕಿರಣ ತೆರೆದುಕೊಳ್ಳುತ್ತದೆ. ದೀಪ ಸರಿದಂತೆ ನಕ್ಷತ್ರವೂ ಸರಿಯಬೇಕು. ಕೊಡಗು, ಸುಬ್ರಹ್ಮಣ್ಯದ ಕಾಡುಗಳಲ್ಲಿ ಕದ್ದು ಅಗೆದ ಹರಳುಕಲ್ಲನ್ನು ಮಾತ್ರ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ, ಅದಕ್ಕೆ ಬಿಲ್ಲೂ ಇರುವುದಿಲ್ಲ.

ಮಾರುವಾಗ ಜನ ಕಳೆದುಕೊಳ್ಳುವುದು ಬೇರೊಂದು ಕಡೆ. ಹಳೆಯ ಕೆಂಪಿನ ಒಡವೆಯನ್ನು ಚಿನ್ನದಂಗಡಿಗೆ ಹಾಕಿದರೆ ಕಲ್ಲಿನ ತೂಕ ಕಳೆದು ಚಿನ್ನಕ್ಕಷ್ಟೇ ಬೆಲೆ ಕಟ್ಟುತ್ತಾರೆ, ಕಲ್ಲುಗಳು ಅಲ್ಲೇ ಉಳಿದುಬಿಡುತ್ತವೆ. ಮೊದಲೇ ಪರಿಚಯದ ಅಕ್ಕಸಾಲಿಯಿಂದ, ನಿಮ್ಮ ಕಣ್ಣೆದುರೇ, ಹರಳು ಬಿಡಿಸಿಕೊಳ್ಳಿ. ಹಿಂಬದಿ ಮುಚ್ಚಿ ಕೂರಿಸಿದ ಹರಳಿಗೆ ಕೆಳಗಿನ ತಗಡು ಬಣ್ಣ ಹೆಚ್ಚಿಸಿರುತ್ತದೆ, ಬಿಡಿಸಿದಾಗ ಹರಳು ಪೇಲವವಾಗಿ ಕಂಡರೆ ಬದಲಾಯಿಸಿದರೆಂದು ಜಗಳಕ್ಕಿಳಿಯಬೇಡಿ. ದೊಡ್ಡ ಹರಳಿಗೆ ಲ್ಯಾಬ್ ವರದಿ ಮಾಡಿಸಿ, ಇಬ್ಬರು ಮೂವರು ಹರಳು ವ್ಯಾಪಾರಿಗಳಿಗೆ ತೋರಿಸಿ. ಕೊಂಡ ಬೆಲೆ ಹಿಂದಕ್ಕೆ ಬರುವುದು ಅಪರೂಪ ಎಂಬ ಲೆಕ್ಕದಲ್ಲೇ ಮಾತಿಗೆ ಕೂರಿ. ಹಣವನ್ನು ಬ್ಯಾಂಕ್ ಮೂಲಕವೇ ಪಡೆಯಿರಿ. ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆದರೆ ಆದಾಯ ತೆರಿಗೆ ಕಾನೂನಿನಡಿ ದಂಡ ಬೀಳುವುದು ಪಡೆದವರಿಗೇ.