ಕಿಟಕಿ ಗಾಜಿನೊಳಗೆ ಬಿದ್ರಿ ಬೆಳ್ಳಿ: ನನ್ನ ಅನುಭವ

ಎರಡು ಕಿಟಕಿ ಗಾಜಿನ ನಡುವೆ ಬಿದ್ರಿಯ ಬೆಳ್ಳಿ ತಂತಿ ಇಟ್ಟು, ಗಾಜನ್ನು ಕರಗಿಸಿ, ಒಡೆಯದಂತೆ ಒಂದು ಮಾಡಬಹುದು. ನಾನು ಮಾಡಿದ್ದೇನೆ. ಮೊದಲು ನಿಂತ ತುಂಡಿಗೆ ವರ್ಷದ ಮೇಲಾಯಿತು. ಬೀದರಿನ ಬೇಸಿಗೆ, ಮಳೆ ಎರಡನ್ನೂ ನೋಡಿದೆ, ಒಂದು ಬಿರುಕಿಲ್ಲ. ಇಲ್ಲಿಗೆ ಬರಲು ಎರಡೂವರೆ ವರ್ಷ ಹಿಡಿಯಿತು. 70ರ ಆಸುಪಾಸು ಫೈರಿಂಗ್, ಅಂದರೆ ಕುಲುಮೆಯಲ್ಲಿ ಸುಡುವುದು, ಆಗಿವೆ, ಅದರಲ್ಲಿ 45 ಆದರೂ ಒಡೆದಿರಬೇಕು.

ತಂತಿ ಕೇಳಲು ಹೋದಾಗ ಬಿದ್ರಿ ಕೆಲಸದ ಚಾಚಾ ಒಬ್ಬರು, "ಗ್ಲಾಸಿಗೂ ಬೆಳ್ಳಿಗೂ ಕೂಡೂದಿಲ್ಲ ತಮ್ಮಾ, ಸುಮ್ನೆ ರೊಕ್ಕ ಹಾಳು" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಬಿಸಿಗೆ ಬೆಳ್ಳಿ ಗಾಜಿಗಿಂತ ಎರಡು ಪಟ್ಟು ಹಿಗ್ಗುತ್ತದೆ, ತಣ್ಣಗಾಗುವಾಗ ಅಷ್ಟೇ ಕುಗ್ಗುತ್ತದೆ. ನಾನು ಮೊದಲು ಹಾಕಿದ್ದು 1 ಮಿಲಿಮೀಟರ್ ದಪ್ಪದ ದುಂಡು ತಂತಿ. ಕಿಲ್ನ್ (ಗಾಜು ಸುಡುವ ಕರೆಂಟ್ ಕುಲುಮೆ) ತೆರೆದಾಗ ಚೆನ್ನಾಗಿತ್ತು. ಸಂಜೆಗೆ ಟಿಕ್ ಅಂತ ಸದ್ದಾಯಿತು. ಬಿರುಕು ತಂತಿಯ ಜಾಡಲ್ಲೇ ಓಡಿತ್ತು.

ಅದಕ್ಕೂ ಮೊದಲು ಬಣ್ಣದ ಆಸೆಗೆ ಬಿದ್ದು ಹೊರದೇಶದ ಫ್ಯೂಸಿಂಗ್ ಗಾಜು (ಕರಗಿಸಿ ಕೂಡಿಸಲೆಂದೇ ಮಾಡಿದ್ದು) 9 ಸಾವಿರ ಕೊಟ್ಟು ತರಿಸಿದ್ದೆ. ಅದರ ಸಿಒಇ, ಅಂದರೆ ಬಿಸಿಗೆ ಹಿಗ್ಗುವ ಅಳತೆ, 90. ನಮ್ಮ ಫ್ಲೋಟ್ ಗಾಜಿನದು, ಅಂದರೆ ಮಾಮೂಲಿ ಕಿಟಕಿ ಗಾಜಿನದು, ಅದಕ್ಕಿಂತ ಕಡಿಮೆ. ಎರಡೂ ಕೂಡಲ್ಲ ಅಂತ ಓದಿದ್ದೆ, ಆದರೂ ಹಾಕಿದೆ. ಮೂರನೇ ದಿನಕ್ಕೆ ಎಲ್ಲ ಸೀಳಿತು. ಅವತ್ತೇ ಅಂಗಡಿಯಲ್ಲಿ ಸಿಗುವ 4 ಎಂಎಂ ಗಾಜಿನಲ್ಲೇ ಮಾಡುವುದು ಅಂತ ಗಟ್ಟಿ ಮಾಡಿಕೊಂಡೆ. 1962ರಲ್ಲಿ ಅಮೆರಿಕದ ಟೊಲೆಡೊದಲ್ಲಿ ಕಲಾವಿದ ಹಾರ್ವೆ ಲಿಟಲ್‌ಟನ್ ಸಣ್ಣ ಕುಲುಮೆ ಹಚ್ಚಿದಾಗಲೂ ಮೊದಲ ಗಾಜು ಹಾಳಾಗಿತ್ತು. ಗಾಜಿನ ತಂತ್ರಜ್ಞ ಡೊಮಿನಿಕ್ ಲಬಿನೊ, ಫೈಬರ್‌ಗ್ಲಾಸ್ ತಯಾರಿಸಲು ಬಳಸುವ ಗಾಜಿನ ಗೋಲಿಗಳನ್ನು ಕರಗಿಸಿ ಅಂದ ಮೇಲೆ ಕೆಲಸ ಸಾಗಿತು. ಕೈಗೆ ಸಿಗುವ ಗಾಜನ್ನು ನಂಬಬೇಕು ಅನ್ನುವುದಕ್ಕೆ ನನಗೆ ಅಷ್ಟು ಸಾಕಾಯಿತು.

ತಂತಿಯ ತೊಂದರೆ ಅಕ್ಕಸಾಲಿಗರ ರೋಲಿಂಗ್ ಮಿಷನ್‌ನಲ್ಲಿ ಬಗೆಹರಿಯಿತು. ಅಪ್ಪಟ ಬೆಳ್ಳಿ ತಂತಿಯನ್ನು ಕಾಗದದಷ್ಟು ತೆಳ್ಳಗೆ ಒತ್ತಿಸಿದೆ. ಆಗ ಅದು ಗಾಜಿನ ಜೊತೆ ಜಗಳಕ್ಕೆ ಬರುವುದಿಲ್ಲ, ಗಾಜು ಎಳೆದ ಕಡೆ ಬಾಗುತ್ತದೆ. ಎಷ್ಟು ತೆಳ್ಳಗೆ ಅನ್ನುವುದನ್ನು ನೀವೇ ನಾಲ್ಕು ಸಲ ಒತ್ತಿಸಿ ನೋಡಿ. ತಂತಿ ಜಾರದಂತೆ ಹಿಡಿಯಲು ಅಂಟು ಮಾತ್ರ ಬೇಡ, ಕಪ್ಪು ಮಸಿ ಉಳಿಯುತ್ತದೆ. ನಾನು ಹಚ್ಚುವುದು ಅಡುಗೆಮನೆಯಲ್ಲೇ ಸಿಗುತ್ತದೆ. ಅದೇನು ಅಂತ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಡೆಯುವುದು ನಿಂತ ಮೇಲೆ ಬೇರೆ ಕಾಟ ಶುರುವಾಯಿತು. ಒಂದು ತುಂಡಿನಲ್ಲಿ ಬೆಳ್ಳಿ ಬೆಳ್ಳಗೆ, ಇನ್ನೊಂದರಲ್ಲಿ ಸುತ್ತ ಜೇನಿನ ಬಣ್ಣ. ಅದೇ ತಂತಿ, ಅದೇ ಡಿಗ್ರಿ. ಆರು ತಿಂಗಳು ತಲೆ ಕೆಡಿಸಿಕೊಂಡೆ. ಕಾರಣ ಗಾಜಿನ ಮುಖದಲ್ಲಿತ್ತು. ಫ್ಲೋಟ್ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರಲ್ವಾ, ತವರ ತಾಗಿದ ಮುಖದಲ್ಲಿ ಅದರ ಅಂಶ ಉಳಿಯುತ್ತದೆ. ಆ ಮುಖಕ್ಕೆ ಬೆಳ್ಳಿ ತಾಗಿದರೆ ಹಳದಿ ಜಾಸ್ತಿ ಏಳುತ್ತದೆ.

ಮುಖ ಗುರುತಿಸಲು ಕೆಟ್ಟುಹೋದ ವಾಟರ್ ಫಿಲ್ಟರ್‌ನ ಯುವಿ ಟ್ಯೂಬ್ ಬಿಚ್ಚಿಕೊಂಡೆ. ರಾತ್ರಿ ಬಾಗಿಲು ಹಾಕಿ, ಕನ್ನಡಕ, ಕೈಗವಸು ಹಾಕಿ, ಗಾಜಿನ ಮೇಲೆ ಓರೆಯಾಗಿ ಬೆಳಕು ಬಿಡಬೇಕು. ಒಂದು ಮುಖ ಸುಮ್ಮನಿರುತ್ತದೆ. ತಿರುಗಿಸಿದರೆ ತೆಳು ಹಾಲು ಬಳಿದಂತೆ ಮಬ್ಬು ಬಿಳಿ ಹೊಳಪು ಬರುತ್ತದೆ, ಅದೇ ತವರದ ಮುಖ. ಟ್ಯೂಬನ್ನು ಬರಿಗಣ್ಣಲ್ಲಿ ನೋಡಬೇಡಿ, ಕಣ್ಣು ಸುಡುತ್ತದೆ. ಒಂದೇ ಹಾಳೆಯಿಂದ ಎರಡು ಜೋಡಿ ಕತ್ತರಿಸಿ, ಒಂದಕ್ಕೆ ತವರ ಒಳಗೆ, ಇನ್ನೊಂದಕ್ಕೆ ತವರ ಹೊರಗೆ ಇಟ್ಟು ಒಟ್ಟಿಗೆ ಸುಟ್ಟೆ. ಬೆಳಿಗ್ಗೆ ಮುಚ್ಚಳ ಎತ್ತಿದರೆ ಒಂದರಲ್ಲಿ ಹೂವಿನ ಪ್ರತಿ ಎಸಳಿನ ಸುತ್ತ ಜೇನು, ಇನ್ನೊಂದರಲ್ಲಿ ಬೆಳ್ಳಿ ಗೆರೆ ಹೆಚ್ಚುಕಡಿಮೆ ಹಾಗೇ. ಈಗ ಎಲ್ಲಿ ಹಳದಿ ಬೇಕು, ಎಲ್ಲಿ ಬೇಡ ಅನ್ನುವುದು ನನ್ನ ಕೈಯಲ್ಲಿದೆ. ನಮ್ಮ ಕಡೆ ಇದನ್ನು ಬೇರೆ ಯಾರೂ ಮಾಡಿದ್ದು ನಾನು ನೋಡಿಲ್ಲ.

ಫೈರಿಂಗ್ ಲೆಕ್ಕ ನೆನಪಿನಿಂದ ಹೇಳುತ್ತೇನೆ. 670 ಡಿಗ್ರಿ ಸೆಲ್ಸಿಯಸ್‌ನಲ್ಲಿ 40 ನಿಮಿಷ ನಿಲ್ಲಿಸಿ ನಡುವಿನ ಗಾಳಿ ಬಿಡಿಸುತ್ತೇನೆ. ಆಮೇಲೆ 820ಕ್ಕೆ ಒಯ್ದು ಹತ್ತು ಹನ್ನೆರಡು ನಿಮಿಷ. ಬೆಳ್ಳಿ ಕರಗುವುದು 960ರ ಮೇಲೆ, ಭಯವಿಲ್ಲ. 550ರಲ್ಲಿ ಒಂದೂವರೆ ಗಂಟೆ ಅನೀಲಿಂಗ್ (ಒಳಗಿನ ಒತ್ತಡ ಇಳಿಯಲು ಒಂದೇ ಬಿಸಿಯಲ್ಲಿ ಇಡುವುದು), ಅಲ್ಲಿಂದ 400ರ ತನಕ ಗಂಟೆಗೆ 50 ಡಿಗ್ರಿ ಇಳಿಸುತ್ತೇನೆ. ಇಲ್ಲಿಯೇ ಕರೆಂಟ್ ಹೋಗುತ್ತಿತ್ತು. ಹೀಗೆ ಎಂಟೋ ಒಂಬತ್ತೋ ತುಂಡು ಕಳೆದುಕೊಂಡೆ. ಕೊನೆಗೆ ಕಿಲ್ನ್ ಸುತ್ತ ಬಿಸಿ ಹಿಡಿದಿಡುವ ಸೆರಾಮಿಕ್ ಬ್ಲಾಂಕೆಟ್ ಇನ್ನೆರಡು ಪದರ ಸುತ್ತಿದೆ. ಈಗ ಕರೆಂಟ್ ಹೋದರೂ ಗಂಟೆಗೆ 70–80 ಡಿಗ್ರಿಗಿಂತ ವೇಗವಾಗಿ ಇಳಿಯಲ್ಲ. ಒಳಗೆ ಒತ್ತಡ ಉಳಿದಿದೆಯಾ ಅಂತ ನೋಡಲು ಹಳೇ ಮಾನಿಟರ್‌ನಿಂದ ಕಿತ್ತ ಪೋಲರೈಸರ್ (ಬೆಳಕನ್ನು ಸೋಸುವ) ಹಾಳೆಗಳು ಸಾಕು, ಗಾಜನ್ನು ಅವುಗಳ ನಡುವೆ ಹಿಡಿದು ನೋಡುತ್ತೇನೆ.

ನಡುನಡುವೆ ದಾರಿ ತಪ್ಪಿ ಬೇರೆಯದನ್ನೂ ನೋಡಿದೆ. ಶಹಾಬಾದ್ ಕಲ್ಲನ್ನು ಅಚ್ಚಾಗಿ ಇಟ್ಟೆ. ಸುಣ್ಣದ ಕಲ್ಲು, 800 ದಾಟಿದರೆ ಸುಣ್ಣವೇ ಆಗುತ್ತದೆ. ಗಾಜಿನ ತಳ ಪೂರ್ತಿ ಗುಳ್ಳೆ, ಕಲ್ಲು ವಾರದಲ್ಲಿ ಪುಡಿ. ಬಿದ್ರಿಗೆ ಕಪ್ಪು ಕೊಡುವ ಕೋಟೆ ಮಣ್ಣನ್ನು ಕಿಲ್ನ್ ವಾಶ್‌ಗೆ (ಗಾಜು ತಳಕ್ಕೆ ಅಂಟದಂತೆ ಬಳಿಯುವ ಲೇಪ) ಬೆರೆಸಿದೆ, ಗಾಜಿಗೆ ಕಚ್ಚಿಕೊಂಡಿತು. ತಾಮ್ರದ್ದು ಮಾತ್ರ ಖುಷಿ ಕೊಟ್ಟಿತು. ಬೀದರಿನ ಮಹಮೂದ್ ಗವಾನ್ ಮದರಸಾದ ಹೆಂಚಿನ ಮೆರುಗೂ ಗಾಜೇ ಅಲ್ವಾ. ಆ ಹಸಿರುನೀಲಿ ಬರಲಿ ಅಂತ ತಾಮ್ರದ ಪುಡಿಯನ್ನು ಮೊದಲೇ ಚೆನ್ನಾಗಿ ಸುಟ್ಟು ಹಾಕಿದೆ, ಹತ್ತಿರದ ಬಣ್ಣ ಬಂತು. ಸುಡದೆ ಹಾಕಿದ ತಗಡು ಕಂದುಗೆಂಪಾಯಿತು.

ಕಿಲ್ನ್‌ಗೆ ಒಟ್ಟು 42 ಸಾವಿರ ಬಿತ್ತು. ಒಂದು ಫೈರಿಂಗ್‌ಗೆ 16–17 ಯೂನಿಟ್ ಕರೆಂಟ್, ಒಂದು ತುಂಡಿಗೆ 4 ಗ್ರಾಂ ಬೆಳ್ಳಿ. ಒಡೆದದ್ದನ್ನೂ ಸೇರಿಸಿದರೆ ಲಕ್ಷದ ಮೇಲೆ ಕಳೆದಿದ್ದೇನೆ. ಇತ್ತೀಚೆಗೆ ಅಂಗೈ ಅಗಲದ ತುಂಡು 3,500ರಂತೆ 12 ಮಾರಿದೆ. ಕಲಬುರಗಿಯ ಮನೆಯೊಂದರ ಕಿಟಕಿಗೆ 28 ಸಾವಿರದ ಕೆಲಸ ಸಿಕ್ಕಿತು. ಅಸಲು ಇನ್ನೂ ಪೂರ್ತಿ ಬಂದಿಲ್ಲ, ಬರುತ್ತದೆ.

ಚಾಚಾ ಈಗ ತಾವೇ ಬೆಳ್ಳಿ ತಗಡಿನಲ್ಲಿ ಎಲೆ ಕತ್ತರಿಸಿ ಕೊಡುತ್ತಿದ್ದಾರೆ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಎಲೆ. ಅಗಲ ಹೆಚ್ಚಾದಷ್ಟೂ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಎರಡು ತುಂಡು ಹೋದವು. ಈ ಸಲ ಎಲೆಯ ನರಗಳ ಜಾಗದಲ್ಲಿ ಸೂಜಿಯಿಂದ ತೂತು ಹೊಡೆದಿದ್ದೇವೆ. ಕಿಲ್ನ್ ಈಗ 310ರಲ್ಲಿದೆ, ನಾಳೆ ಬೆಳಿಗ್ಗೆ ಅವರು ಬಂದ ಮೇಲೆಯೇ ತೆರೆಯುತ್ತೇನೆ.