ಪಾವಿಗೆ 10 ರೂಪಾಯಿ: ಮಕ್ಕಳು ಕೈಖರ್ಚಿನ ಕಾಸು ದುಡಿಯುವುದು ಹೇಗೆ?

ಡಿಸೆಂಬರ್ ಬಂತೆಂದರೆ ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆ ಮನೆ ಮುಂದೆಯೂ ಅವರೆಕಾಯಿ ಸಿಪ್ಪೆಯ ಗುಡ್ಡೆ. ಹೋದ ವರ್ಷ ಒಂದು ಭಾನುವಾರ ನಾವೂ ನಾಲ್ಕು ಕೆಜಿ ಕಾಯಿ ತಂದಿದ್ದೆವು. ಸುಲಿದು, ಕಾಳು ನೆನೆಹಾಕಿದ್ದೂ ಆಯಿತು. ಅಷ್ಟನ್ನೂ ಹಿತಕುವವರು ಯಾರು? ಒಂಬತ್ತು ವರ್ಷದ ಮಗಳು ಪಕ್ಕದಲ್ಲಿ ಬಂದು ಕೂತು, "ಅಮ್ಮಾ, ನಾನು ಮಾಡಿದ್ರೆ ಎಷ್ಟು ಕೊಡ್ತೀಯಾ?" ಅಂದಳು.

ನಮ್ಮತ್ತೆಗೆ ಸಿಟ್ಟೇ ಬಂತು. "ಮನೆ ಕೆಲಸಕ್ಕೂ ಕೂಲಿನಾ?"

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಮಕ್ಕಳ ಕೈಗೆ ದುಡಿದ ಕಾಸು ಬರಬೇಕು ಅನ್ನುವವರು ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಯೇ ಅದು.

ಮೊದಲು ಒಂದು ಗೆರೆ ಎಳೆಯಿರಿ

ತಾನು ಉಂಡ ತಟ್ಟೆ ತೊಳೆಯುವುದು, ಹಾಸಿಗೆ ಮಡಿಸುವುದು, ಸ್ಕೂಲ್ ಬ್ಯಾಗ್ ಜೋಡಿಸಿಕೊಳ್ಳುವುದು, ತಾತನಿಗೆ ನೀರು ತಂದುಕೊಡುವುದು. ಇವಕ್ಕೆಲ್ಲ ಕಾಸು ಇಲ್ಲ. ಒಮ್ಮೆ ಕೊಟ್ಟಿರೋ, ಆಮೇಲೆ ಒಂದು ಲೋಟ ಎತ್ತಿಡುವುದಕ್ಕೂ ರೇಟು ಕೇಳುತ್ತಾರೆ. ಪರೀಕ್ಷೆಯ ಅಂಕಕ್ಕೆ ದುಡ್ಡು ಕೊಡುವುದೂ ನನಗೆ ಸರಿ ಕಾಣುವುದಿಲ್ಲ. 95 ಬಂದರೆ 500 ಅಂದರೆ 94 ಬಂದ ದಿನ ಮನೆಯಲ್ಲಿ ಅಳು ಶುರುವಾಗುತ್ತದೆ.

ಕಾಸು ಕೊಡಬೇಕಾದ್ದು ದಿನದ ಪಾಲಿಗಿಂತ ಜಾಸ್ತಿ ಮಾಡಿದ ಕೆಲಸಕ್ಕೆ. ಅದೂ ಎಷ್ಟಾಯಿತು ಅಂತ ಮಗು ತಾನೇ ಅಳೆಯಲು, ಎಣಿಸಲು ಬರುವಂಥ ಕೆಲಸಕ್ಕೆ.

ಕೆಲಸ ಆರಿಸುವುದು

ಅವರೆ ಹಿತಕುವುದು ಇದಕ್ಕೆ ಹೇಳಿ ಮಾಡಿಸಿದಂತಿದೆ. ಕಾಳು ನಾಲ್ಕೈದು ಗಂಟೆ ನೆನೆದಿರಬೇಕು, ರಾತ್ರಿಯೆಲ್ಲ ನೆನೆದರೆ ಇನ್ನೂ ಸಲೀಸು. ಹೆಬ್ಬೆರಳು, ತೋರುಬೆರಳ ಮಧ್ಯೆ ಹಿಡಿದು ಒತ್ತಿದರೆ ಬೇಳೆ ಪುಸಕ್ಕನೆ ಹಾರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಮೊದಲ ದಿನ ನಮ್ಮವಳ ಅರ್ಧ ಬೇಳೆ ಮಂಚದ ಕೆಳಗಿತ್ತು. ಆಮೇಲೆ ಅವಳೇ ಉಪಾಯ ಮಾಡಿದಳು. ಅಗಲವಾದ ಬೋಗುಣಿಯನ್ನು ಮಡಿಲಿಗೇ ಇಟ್ಟುಕೊಂಡು, ಕೈ ಅದರೊಳಗೇ ಇಳಿಬಿಟ್ಟು ಒತ್ತಿದಳು. ಬೆರಳ ತುದಿಯೆಲ್ಲ ನೀರಿಗೆ ಸುಕ್ಕಾಯಿತು. ಸೋಮವಾರ ಸ್ಕೂಲಿಗೆ ಹೋಗುವಾಗಲೂ ಕೈ ತುಂಬ ಸೊಗಡಿನ ವಾಸನೆ. ಒಟ್ಟು ನಾಲ್ಕು ಪಾವು ಆಗಿತ್ತು, 40 ರೂಪಾಯಿ.

ಅವರೆ ಮುಗಿದ ಮೇಲೆ, ಫೆಬ್ರುವರಿ ಮಾರ್ಚ್ ಹೊತ್ತಿಗೆ ಹುಣಸೆಹಣ್ಣು. ವರ್ಷಕ್ಕಾಗುವಷ್ಟು ಹಣ್ಣು ತಂದು ಬಿಡಿಸುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ಸುತ್ತಿಗೆಯಲ್ಲಿ ಕುಟ್ಟುವ ಕೆಲಸ ದೊಡ್ಡವರದ್ದು. ನಾರು ಎಳೆದು ಬೀಜ ತೆಗೆಯುವುದನ್ನು ಮಕ್ಕಳಿಗೆ ಕೊಡಬಹುದು. ಕೂಲಿ ಕೆಜಿ ಲೆಕ್ಕ. ಬೀಜ ಬೇರೆ ಗುಡ್ಡೆ ಹಾಕಲಿ, ಚೌಕಾಬಾರ ಆಡುವುದಕ್ಕೂ ಆಯಿತು.

ಹೂ ಕಟ್ಟುವುದನ್ನು ಕಲಿಸಿ ಅಂತ ಗಂಡುಮಕ್ಕಳ ಅಪ್ಪ ಅಮ್ಮಂದಿರಿಗೂ ಹೇಳುತ್ತೇನೆ. ಕಟ್ಟಿದ ಹೂವಿಗೂ ಬಿಡಿ ಹೂವಿಗೂ ಬೆಲೆಯಲ್ಲಿ ಎಷ್ಟು ವ್ಯತ್ಯಾಸ ಅಂತ ಮಗುವನ್ನೇ ಕರೆದುಕೊಂಡು ಹೋಗಿ ಕೇಳಿಸಿ. ಆಮೇಲೆ ಬಿಡಿ ಕನಕಾಂಬರವೋ ಕಾಕಡವೋ ತಂದು ಮನೆಯಲ್ಲೇ ಕಟ್ಟಲಿ. ಉಳಿದ ದುಡ್ಡು ಕಟ್ಟಿದವರಿಗೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂವಿನ ಬೆಲೆ ಹೇಗೆ ಏರುತ್ತದೆ ಅನ್ನುವುದೂ ಪಾಠ ಇಲ್ಲದೆ ತಿಳಿಯುತ್ತದೆ. ಮೊದಮೊದಲು ಗಂಟು ಸಡಿಲವಾಗಿ ಮೊಳ ಕಟ್ಟುವಷ್ಟರಲ್ಲಿ ಅರ್ಧ ಉದುರಿರುತ್ತದೆ. ಬೈಯಬೇಡಿ.

ಗಿಡ ಮಾರುವುದಕ್ಕೆ ತಾಳ್ಮೆ ಬೇಕು, ಆದರೆ ನನಗೆ ತುಂಬಾ ಇಷ್ಟವಾದದ್ದು ಅದೇ. ಖಾಲಿ ಹಾಲಿನ ಕವರ್ ತೊಳೆದು, ತಳಕ್ಕೆ ನಾಲ್ಕು ತೂತು ಮಾಡಿ, ಮಣ್ಣು ಮತ್ತು ಹಳೇ ಸಗಣಿ ಗೊಬ್ಬರ ಬೆರೆಸಿ ತುಂಬಿಸಿ. ಒಣಗಿದ ತುಳಸಿ ಕದಿರನ್ನು ಅಂಗೈಯಲ್ಲಿ ಉಜ್ಜಿದರೆ ಸಾಸಿವೆಗಿಂತ ಸಣ್ಣ ಬೀಜ ಸಿಗುತ್ತದೆ. ಮೇಲೆ ಉದುರಿಸಿ ತೆಳ್ಳಗೆ ಮಣ್ಣು ಮುಚ್ಚಿದರೆ ಸಾಕು, ಒಂದೆರಡು ವಾರದಲ್ಲಿ ಮೊಳಕೆ. ಜುಲೈ, ಆಗಸ್ಟ್‌ನಲ್ಲಿ ಹಾಕಿದರೆ ತುಳಸಿ ಹಬ್ಬದ ಹೊತ್ತಿಗೆ ಕೊಡುವಂಥ ಗಿಡ. ಪಪ್ಪಾಯಿ ಬೀಜವನ್ನಾದರೆ ಬೂದಿಯಲ್ಲಿ ಉಜ್ಜಿ, ಮೇಲಿನ ಲೋಳೆ ತೆಗೆದು, ನೆರಳಲ್ಲಿ ಒಣಗಿಸಿ ಹಾಕಬೇಕು. ಬೀದಿಯಲ್ಲಿ ಗಿಡಕ್ಕೆ 20 ರೂಪಾಯಿ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ನೀರು ಹಾಕುವುದು ಮರೆತು ಅರ್ಧ ಗಿಡ ಒಣಗಿದರೆ? ಆ ನಷ್ಟ ಮಗುವಿನದೇ. ಹೋಗಿ ತುಂಬಿಕೊಡಬೇಡಿ.

ಇನ್ನು ಹಳೇ ಪೇಪರ್. ಗುಜರಿಯವರು ಬರುವ ಮುಂಚೆ ಮನೆಯಲ್ಲೇ ತೂಕ ಮಾಡಿಸಿ. ಮಗು ತಾನೊಬ್ಬಳೇ ತೂಕದ ಯಂತ್ರದ ಮೇಲೆ ನಿಲ್ಲಲಿ, ಆಮೇಲೆ ಕಟ್ಟು ಹಿಡಿದು ನಿಲ್ಲಲಿ, ಕಳೆಯಲಿ. ನಮ್ಮನೆ ಲೆಕ್ಕದಲ್ಲಿ 9 ಕೆಜಿ ಇದ್ದದ್ದು ಗಾಡಿಯವರ ತಕ್ಕಡಿಯಲ್ಲಿ 7 ಆಗಿತ್ತು. ನಾನು ಹೋಗಲಿ ಬಿಡು ಅಂತಿದ್ದೆ, ಮಗಳು ಬಿಡಲಿಲ್ಲ. ಎಂಟಕ್ಕೆ ರಾಜಿಯಾಯಿತು.

ರೇಟು ಮೊದಲೇ, ಕಾಸು ಕೈಗೇ

ಈ ವಿಷಯದಲ್ಲಿ ಮಕ್ಕಳಿಗಿಂತ ನಾವೇ ಜಾಸ್ತಿ ಎಡವುತ್ತೇವೆ. ಕೆಲಸ ಮುಗಿದ ಮೇಲೆ "ಎಷ್ಟೋ ಕೊಡ್ತೀನಿ ಬಿಡು" ಅನ್ನುವುದು, ನಾಳೆ ನಾಡಿದ್ದು ಅಂತ ತಳ್ಳುವುದು, "ಮೊನ್ನೆ ಚಾಕಲೇಟ್ ಕೊಡಿಸಿದ್ದೆನಲ್ಲ" ಅಂತ ಮುರಿದುಕೊಳ್ಳುವುದು. ಕೆಲಸಕ್ಕೆ ಕೂರುವ ಮುಂಚೆ ರೇಟು ಬರೆದುಬಿಡಿ. ಗಂಟೆ ಲೆಕ್ಕ ಬೇಡ, ಆಟವಾಡುತ್ತಾ ಕೂರುತ್ತಾರೆ. ಪಾವು, ಮೊಳ, ಕೆಜಿ, ಗಿಡ, ಹೀಗೆ ಅಳತೆಯ ಲೆಕ್ಕ ಇರಲಿ.

ಈಗ ಇನ್ನೊಂದು ತಾಪತ್ರಯ. ಯಾರ ಮನೆಯಲ್ಲೂ ಚಿಲ್ಲರೆ ಇಲ್ಲ, ಎಲ್ಲಾ ಫೋನ್‌ಪೇ. "ನಿನ್ನ ದುಡ್ಡು ನನ್ನ ಫೋನಲ್ಲಿದೆ" ಅಂದರೆ ಮಗುವಿನ ಪಾಲಿಗೆ ಅದು ಇಲ್ಲದ ಹಾಗೇ. ವಾರಕ್ಕೊಮ್ಮೆ ಚಿಲ್ಲರೆ ತಂದಿಟ್ಟುಕೊಳ್ಳಿ. ಆದರೆ 10 ರೂಪಾಯಿಯ ನಾಣ್ಯ ಕೊಡುವಾಗ ಎಚ್ಚರ. ನಮ್ಮವಳು ಏಳು ನಾಣ್ಯ ಹಿಡಿದು ಪೆನ್ಸಿಲ್ ಬಾಕ್ಸ್ ತರಲು ಹೋದರೆ ಅಂಗಡಿಯವರು "ಇದು ನಡೆಯಲ್ಲ ಪುಟ್ಟಾ" ಅಂದು ವಾಪಸ್ ಕಳಿಸಿದರು. 10 ರೂಪಾಯಿಯ ನಾಣ್ಯ 14 ವಿನ್ಯಾಸದಲ್ಲಿದೆ, ಎಲ್ಲವೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಹೇಳಿದರೂ ಕೇಳುವವರಿಲ್ಲ. ಅವಳ ಮುಖ ನೋಡಲಾಗದೆ ನಾನೇ ನೋಟು ಬದಲಾಯಿಸಿ ಕೊಟ್ಟೆ.

ಲೆಕ್ಕದ ಪುಸ್ತಕ, ಗಾಜಿನ ಬಾಟಲಿ

ಒಂದು ಸಣ್ಣ ನೋಟ್‌ಬುಕ್‌ನಲ್ಲಿ ತಾರೀಖು, ಕೆಲಸ, ಅಳತೆ, ಬಂದದ್ದು, ಹೋದದ್ದು. ಬರೆಯುವುದು ಮಗು, ಸಹಿ ನಿಮ್ಮದು. ಜಾತ್ರೆಯಲ್ಲಿ ಸಿಗುವ ಮಣ್ಣಿನ ಹುಂಡಿ ನೋಡಲು ಚೆಂದ, ಆದರೆ ಒಡೆಯುವವರೆಗೂ ಒಳಗೆ ಎಷ್ಟಿದೆ ಕಾಣುವುದಿಲ್ಲ. ಅದಕ್ಕಿಂತ ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿ ವಾಸಿ. ಆಗಾಗ ಸುರಿದು ಎಣಿಸಬಹುದು.

10 ವರ್ಷ ತುಂಬಿದ ಮಕ್ಕಳು ತಮ್ಮದೇ ಹೆಸರಲ್ಲಿ ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದು. ಮಿತಿ ಎಷ್ಟು ಅನ್ನುವುದು ಆಯಾ ಬ್ಯಾಂಕಿನ ನಿಯಮ. ಅಂಚೆ ಕಚೇರಿಯಲ್ಲಿ 500 ರೂಪಾಯಿಯಿಂದ ಖಾತೆ ಶುರು, ಬಡ್ಡಿ ವರ್ಷಕ್ಕೆ ಶೇ 4. ಅಂದರೆ 500ಕ್ಕೆ 20 ರೂಪಾಯಿ. "ವರ್ಷಕ್ಕೆ ಎರಡು ಪಾವು ಅಷ್ಟೇನಾ?" ಅಂತ ಮಗಳು ಕೇಳಿದಳು. ಹೌದು, ಅಷ್ಟೇ.

ಮಗು ಖರ್ಚು ಮಾಡುವಾಗ ನಾವು ಬಾಯಿ ಮುಚ್ಚಿಕೊಂಡಿರುವುದೇ ಕಷ್ಟ. ಇಡೀ ತಿಂಗಳ ದುಡಿಮೆ ಒಂದು ಪ್ಲಾಸ್ಟಿಕ್ ಹಾವಿಗೆ ಹೋಯಿತು. ಎರಡನೇ ದಿನ ಅದರ ತಲೆ ಕಿತ್ತು ಬಂತು. ಸುಮ್ನೆ ಇದ್ದೆ.

ಯಾವುದು ಬೇಡವೇ ಬೇಡ

14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದ ಮೇಲೆ ಇದು ಎಲ್ಲಾ ಕೆಲಸಕ್ಕೂ ಅನ್ವಯ. ಸ್ಕೂಲು ಮುಗಿದ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಸ್ವಂತ ಮನೆಯವರಿಗೆ ನೆರವಾಗಬಹುದು. ಅದೂ ಓದಿಗೆ ಅಡ್ಡಿಯಾಗದ ಹಾಗೆ. ಹಾಗಾಗಿ ಬೇಸಿಗೆ ರಜೆಯಾದರೂ ಬೇರೆಯವರ ಅಂಗಡಿಗೋ ತೋಟಕ್ಕೋ ಕೂಲಿಗೆ ಕಳಿಸುವಂತಿಲ್ಲ. ಔಷಧಿ ಹೊಡೆದ ದ್ರಾಕ್ಷಿ, ಟೊಮೆಟೊ ತೋಟ ಸ್ವಂತದ್ದಾದರೂ ಬೇಡ. ರೇಷ್ಮೆ ಗೂಡಿನ ಬಿಸಿನೀರಿನ ಹತ್ತಿರ ಮಕ್ಕಳನ್ನು ಕೂರಿಸಿದ ಕಾಲವೊಂದಿತ್ತು ನಮ್ಮ ಕಡೆ. ಈಗಲೂ ಎಲ್ಲಾದರೂ ಮಕ್ಕಳನ್ನು ದುಡಿಸುವುದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹೈವೇ ಬದಿಯಲ್ಲಿ ಹೋಗಿ ಬರುವ ಕಾರು ನಿಲ್ಲಿಸಿ ಹಣ್ಣು ಮಾರಿಸುವುದೂ ಬೇಡ. ಮನೆಯ ಕೆಲಸದಲ್ಲೂ ಬಲವಂತ ಬೇಡ, ಬೇಜಾರಾಗಿ ಮಗು ಎದ್ದು ಹೋದರೆ ಹೋಗಲಿ. ಉಳಿದದ್ದನ್ನು ನೀವೇ ಹಿತಕಿ.

ಅಂದ ಹಾಗೆ, ಈ ಸಲದ ಅವರೆ ಬಂದಾಯಿತು. ಹೋದ ವಾರ ತರಕಾರಿಗೆ ಹೋದಾಗ ಮಗಳು ಹಿತಕಿದ ಬೇಳೆ ಮಾರುವವರ ಮುಂದೆ ನಿಂತು ಬೆಲೆ ಕೇಳಿದಳು. ಆಮೇಲೆ ಪಕ್ಕದ ಕಾಯಿ ರಾಶಿಯ ಬೆಲೆಯನ್ನೂ ಕೇಳಿದಳು. ದಾರಿಯುದ್ದಕ್ಕೂ ಮಾತಿಲ್ಲ. ಮನೆಗೆ ಬಂದು ಪುಸ್ತಕ ತೆಗೆದು ಹೊಸ ಹಾಳೆಯಲ್ಲಿ ಬರೆದಳು: ಅವರೆ, ಪಾವಿಗೆ 15. ನಾನು 12 ಅಂದೆ, ಅವಳು ಕೇಳಲಿಲ್ಲ. ಅತ್ತೆ ಈ ಸಲ ಮೊಮ್ಮಗಳ ಪರ. ಕೆಳಗೆ ಸಹಿ ಹಾಕಿದ್ದೇನೆ.