ಹಾಟ್ ಚಾಕೊಲೇಟ್ ನೀರಾಗದೆ ದಪ್ಪಗೆ ಬರಲು

ಹಾಟ್ ಚಾಕೊಲೇಟ್‌ಗೆ ಬರೀ ಕೋಕೋ ಪೌಡರ್ ಸಾಲದು, ಡಾರ್ಕ್ ಚಾಕೊಲೇಟ್ ಕೂಡ ಬೇಕು. ಬಾಯಲ್ಲಿ ನಿಲ್ಲುವ ಆ ದಪ್ಪ ಬರುವುದು ಅದರೊಳಗಿನ ಕೋಕೋ ಬೆಣ್ಣೆಯಿಂದ. 250 ಮಿ.ಲೀ. ಗಟ್ಟಿ ಹಾಲಿಗೆ 1 ದೊಡ್ಡ ಚಮಚ ಕೋಕೋ, 30 ಗ್ರಾಂ ಚಾಕೊಲೇಟ್. ಸಕ್ಕರೆ ನಿಮ್ಮ ರುಚಿಗೆ.

ಕೋಕೋವನ್ನು ಸೀದಾ ಹಾಲಿಗೆ ಸುರಿಯಬೇಡಿ. ಅದರಲ್ಲಿ ಜಿಡ್ಡು ಇರುತ್ತದೆ ಅಲ್ವಾ, ಬೇಗ ನೆನೆಯದೆ ಗಂಟು ಕಟ್ಟಿ ತೇಲುತ್ತದೆ. ಮೊದಲು ಕೋಕೋ, ಸಕ್ಕರೆ, ಚಿಟಿಕೆ ಉಪ್ಪಿಗೆ ಎರಡು ಮೂರು ಚಮಚ ಬಿಸಿ ಹಾಲು ಬಿಟ್ಟು ಚೆನ್ನಾಗಿ ಕಲಸಿ. ಪುಡಿ ಒಂದಿಷ್ಟೂ ಕಾಣಬಾರದು. ಹೊಳೆಯುತ್ತಾ, ಚಮಚದಿಂದ ನಿಧಾನಕ್ಕೆ ಜಾರುವ ಹಾಗಾಗಬೇಕು. ಈ ಒಂದು ನಿಮಿಷದ ಕೆಲಸವನ್ನು ದಯವಿಟ್ಟು ಬಿಡಬೇಡಿ, ನುಣುಪೆಲ್ಲ ಇಲ್ಲೇ ಇರುವುದು. ಉಪ್ಪನ್ನೂ ಬಿಡಬೇಡಿ, ಅದು ಕಹಿಯನ್ನು ತಗ್ಗಿಸುತ್ತದೆ.

ಆಮೇಲೆ ಉಳಿದ ಹಾಲು ಸೇರಿಸಿ ಸಣ್ಣ ಉರಿಯಲ್ಲಿ ಕಾಯಿಸಿ. ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡ ಕೂಡಲೇ ಒಲೆ ಆರಿಸಿ, ಸಣ್ಣಗೆ ಹೆಚ್ಚಿದ ಚಾಕೊಲೇಟ್ ಹಾಕಿ. ಉರಿಯ ಮೇಲೆ ಹಾಕಿದರೆ ತಳ ಹಿಡಿಯುತ್ತದೆ. ಒಂದು ನಿಮಿಷ ಸುಮ್ನೆ ಬಿಟ್ಟು, ನೊರೆ ಬರುವವರೆಗೆ ವಿಸ್ಕ್‌ನಲ್ಲಿ ಕಡೆಯಿರಿ.

ಇನ್ನೂ ಜಾಸ್ತಿ ಗಟ್ಟಿ ಬೇಕಾದರೆ ಅರ್ಧ ಚಮಚ ಕಾರ್ನ್‌ಫ್ಲೋರ್ ಅನ್ನು ತಣ್ಣಗಿನ ಹಾಲಿನಲ್ಲಿ ಕದಡಿ, ಚಾಕೊಲೇಟ್ ಹಾಕುವ ಮೊದಲೇ ಸೇರಿಸಿ ಕುದಿಸಿಕೊಳ್ಳಿ. ಹಸಿ ವಾಸನೆ ಉಳಿಯುವುದಿಲ್ಲ.